ವಾರಕ್ಕೊಂದು ಮೊಳ

ಗಜೇಂದ್ರಗಡದ ಹಳೆಯ ಹತ್ತಿ ಗೋದಾಮಿನ ತಗಡಿನ ಬಾಗಿಲು ಕಿರುಗುಟ್ಟಿ ತೆರೆದುಕೊಂಡಾಗ ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಹೊರಗೆ ಗುಡ್ಡದ ನೆತ್ತಿಯ ಗಾಳಿಯಂತ್ರಗಳು ಆಷಾಢದ ಗಾಳಿಗೆ ಬಿರುಸಾಗಿ ತಿರುಗುತ್ತಿವೆ. ಒಳಗೆ ಇಪ್ಪತ್ತೊಂದು ಕಾರುಗಳು ಮುಸುಕು ಹೊದ್ದು ಮೂರು ಸಾಲಾಗಿ ನಿಂತಿವೆ. ತಲೆಯ ಮೇಲೆ ಸೆರಗು, ಕಿವಿಯ ಹಿಂದೆ ಒಂದು ಸೀಮೆಸುಣ್ಣ, ಕೈಯಲ್ಲಿ ಗಾಳಿ ಅಳೆಯುವ ಮೀಟರು. ರಾಜಮಾ ಮೊದಲ ಕಾರಿನ ಮುಸುಕನ್ನು ಮೊಣಕಾಲೆತ್ತರಕ್ಕೆ ಎತ್ತಿ, ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಾರೆ.

"ಮೂವತ್ನಾಕು," ಎಂದು ತಮಗೆ ತಾವೇ ಹೇಳಿಕೊಂಡು ಮುಂದಿನ ಗಾಲಿಗೆ ಸರಿಯುತ್ತಾರೆ. ಆಮೇಲೆ ಅವರ ಕೆಲಸ ನೋಡಲು ಬಂದ ನನ್ನ ಕಡೆ ತಿರುಗುತ್ತಾರೆ. "ಇಷ್ಟ ನಸಿಕಿನ್ಯಾಗ ಯಾಕ ಅಂತೀರೇನ್ರಿ ಅಕ್ಕಾರ? ಬಿಸಲ ಏರಿದ ಮ್ಯಾಲ ಟಾಯರ್ ಸುಳ್ಳ ಹೇಳತೈತಿ. ಒಳಗಿನ ಗಾಳಿ ಕಾದು ಉಬ್ಬತೈತಿ, ನಂಬರ್ ಹೆಚ್ಚ ತೋರಸತೈತಿ. ತಂಪೊತ್ತಿನ್ಯಾಗ ಕೇಳಿದ್ರ ಖರೇ ಹೇಳತೈತಿ."

ನಾಲ್ಕೂ ಗಾಲಿಯ ಖರೇ ಕೇಳಿದ ಮೇಲೆ ಅಸಲಿ ಕೆಲಸ. ಕಾರಿನ ಬಾಗಿಲು ತೆರೆದು ಗೇರು ಬಿಡಿಸುತ್ತಾರೆ, ಗಾಲಿಗೆ ಒತ್ತುಕೊಟ್ಟ ಕಟ್ಟಿಗೆಯ ತುಂಡನ್ನು ಕಾಲಿನಿಂದ ಸರಿಸುತ್ತಾರೆ. ಬಾಗಿಲ ಕಂಬಕ್ಕೆ ಬಲ ಭುಜ ಕೊಟ್ಟು ಉಸಿರು ಬಿಗಿಹಿಡಿದು ನೂಕುತ್ತಾರೆ. ಆ ಕಡೆಯಿಂದ ಸೊಸೆ ಹುಸ್ನಾ ನೂಕುತ್ತಾಳೆ. ಕಾರು ಮನಸ್ಸಿಲ್ಲದ ಮನಸ್ಸಿನಿಂದ ಒಂದಿಷ್ಟು ಉರುಳಿ ನಿಲ್ಲುತ್ತದೆ. ಎಷ್ಟು? ಸರಿಯಾಗಿ ಒಂದು ಮೊಳ. ಗಾಲಿಯ ಮೈಮೇಲೆ ಸೀಮೆಸುಣ್ಣದಿಂದ ಒಂದು, ಎರಡು, ಮೂರು, ನಾಲ್ಕು ಎಂದು ನಾಲ್ಕು ದಿಕ್ಕಿಗೆ ಬರೆದಿದೆ. ಇಷ್ಟು ಹೊತ್ತು ನೆಲಕ್ಕೆ ತಾಗಿದ್ದ ಎರಡು ಈಗ ಮೇಲೆದ್ದಿದೆ, ಮೂರು ಕೆಳಗೆ ಹೋಗಿದೆ. ಮುಂದಿನ ಶನಿವಾರ ನಾಲ್ಕರ ಸರದಿ. ಆಮೇಲೆ ಹಾಗೆಯೇ ಹಿಂದಕ್ಕೆ.

"ಒಂದ ಮೊಳ ಆತು. ಇದರ ವಾರ ಮುಗೀತು," ಎಂದು ರಾಜಮಾ ಕಟ್ಟಿಗೆ ತುಂಡನ್ನು ಮತ್ತೆ ಗಾಲಿಗೆ ಒತ್ತುತ್ತಾರೆ. ಹ್ಯಾಂಡ್‌ಬ್ರೇಕು ಎಳೆಯುವುದಿಲ್ಲ. ತಿಂಗಳುಗಟ್ಟಲೆ ಎಳೆದಿಟ್ಟರೆ ಅದು ಗಾಲಿಯನ್ನು ಕಚ್ಚಿಕೊಂಡುಬಿಡುತ್ತದೆಯಂತೆ.

"ಅಮ್ಮಿ, ನನ್ನೂ ಹಿಂಗ ವಾರಕ್ಕೊಮ್ಮೆ ತವರ ಕಡೆ ಒಂದ ಮೊಳ ಸರಸ್ರಲ್ಲ," ಎನ್ನುತ್ತಾಳೆ ಹುಸ್ನಾ, ಬೆವರು ಒರೆಸಿಕೊಳ್ಳುತ್ತ. ಅವಳ ತವರು ನರಗುಂದ.

"ಸರಸ್ತೀನಿ ಬಾ. ನರಗುಂದ ಮುಟ್ಟೂದ್ರಾಗ ನಿನ್ನ ಮಕ್ಕಳ ಮದಿವಿ ಆಗಿರತಾವ."

ಗಜೇಂದ್ರಗಡ, ರೋಣ, ನರಗುಂದ, ಈ ಮೂರು ತಾಲೂಕಿನ ಊರುಗಳಿಂದ ಮಂದಿ ದುಡಿಯಲು ಬಹಳ ದೂರ ಹೋಗುತ್ತಾರೆ. ಮಂಗಳೂರಿನ ಕಟ್ಟಡ ಕೆಲಸಕ್ಕೆ, ಗೋವಾದ ಬಂದರಿಗೆ, ಸೌದಿಯ ಲಾರಿಗಳಿಗೆ. ಹತ್ತು ಹದಿನೈದು ವರ್ಷ ದುಡಿದವರು ಒಂದು ಹಳೆಯ ಕಾರು ಕೊಳ್ಳುತ್ತಾರೆ. ಅದು ವರ್ಷಕ್ಕೆ ಒಂದೆರಡು ಸಲ, ಹಬ್ಬಕ್ಕೋ ಮದುವೆಗೋ ಊರಿಗೆ ಬಂದಾಗ ಓಡುತ್ತದೆ. ಉಳಿದ ದಿನ ಎಲ್ಲಿಡುವುದು? ಅಂಗಳದಲ್ಲಿ ಬಿಟ್ಟರೆ ಇಲಿ ತಂತಿ ಕಡಿಯುತ್ತದೆ, ಓಣಿಯಲ್ಲಿ ಬಿಟ್ಟರೆ ಹುಡುಗರು ಮೇಲೆ ಕುಣಿಯುತ್ತಾರೆ. ಅಂಥವರ ಕಾರುಗಳು ರಾಜಮಾ ಅವರ ಗೋದಾಮಿಗೆ ಬರುತ್ತವೆ.

ಐವತ್ನಾಲ್ಕು ವಯಸ್ಸಿನ ರಾಜಮಾಗೆ ಕಾರು ಓಡಿಸಲು ಬರುವುದಿಲ್ಲ. ಗಂಡ ಅಲ್ಲಾಸಾಬರಿಗೆ ಬರುತ್ತಿತ್ತು. ಇಪ್ಪತ್ತೆಂಟು ವರ್ಷ ಟೆಂಪೋ ಓಡಿಸಿದವರು. ಹನ್ನೊಂದು ವರ್ಷದ ಹಿಂದೆ ಕಣ್ಣು ಮಂದವಾಗಿ ಸ್ಟೇರಿಂಗು ಬಿಟ್ಟಾಗ, ಮುಚ್ಚಿಹೋಗಿದ್ದ ಈ ಗೋದಾಮಿನ ಕಾವಲು ಕೆಲಸ ಸಿಕ್ಕಿತು. ಪರಿಚಯದವನೊಬ್ಬ ಗೋವಾಕ್ಕೆ ಹೋಗುವಾಗ ತನ್ನ ಕಾರು ಬಿಟ್ಟುಹೋದ. ಎಂಟು ತಿಂಗಳ ಮೇಲೆ ಬಂದು ಓಡಿಸಿ ನೋಡಿದರೆ ಕಾರು ಎತ್ತಿನ ಬಂಡಿಯಂತೆ ಧಡ್ ಧಡ್ ಎಂದು ಕುಕ್ಕುತ್ತದೆ.

"ಟಾಯರ್ ಕೂತಾವ ಅಂದೆ," ಎಂದು ಬಾಗಿಲ ಬಳಿಯ ಮಂಚದ ಮೇಲಿಂದಲೇ ಅಲ್ಲಾಸಾಬರು ವಿವರಿಸುತ್ತಾರೆ. ಗೋದಾಮಿನ ಎಲ್ಲ ಕೆಲಸಕ್ಕೂ ಅವರ ಟಿಪ್ಪಣಿ ಇರುತ್ತದೆ, ಕೈ ಮಾತ್ರ ಇರುವುದಿಲ್ಲ ಎಂದು ಹೆಂಡತಿಯ ದೂರು. "ಗಾಡಿ ಭಾರ ಎಲ್ಲಾ ಒಂದ ಕಡೆ ಬಿದ್ದು ಅಷ್ಟ ಜಾಗಾ ಚಪ್ಪಟ ಆಗಿರತೈತ್ರಿ. ದುಂಡನ್ನ ಗಾಲಿಗೆ ಒಂದ ಹಿಮ್ಮಡ ಮೂಡಿಧಂಗ. ಸುತ್ತಿಗೊಮ್ಮೆ ಆ ಹಿಮ್ಮಡ ನೆಲಕ್ಕ ಬಡೀತೈತಿ. ನನಗ ರೋಗ ಗೊತ್ತಿತ್ತು. ಔಷಧ ಹುಡಕಿದಾಕಿ ಇಕಿ."

ಔಷಧ ರಾಜಮಾಗೆ ಸಿಕ್ಕಿದ್ದು ಸೀರೆಯಿಂದ. ಮದುವೆಗೆ ಮೊದಲು ನೇಕಾರರ ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವರು, ಆಮೇಲೆ ಹನ್ನೆರಡು ವರ್ಷ ಊರಿನ ಸೀರೆ ಅಂಗಡಿಯೊಂದರಲ್ಲಿ ಗಿರಾಕಿಗಳು ಬಿಚ್ಚಿಹಾಕಿದ ಸೀರೆಗಳನ್ನು ಮಡಿಸುವ ಕೆಲಸ ಮಾಡಿದರು. ಅಂಗಡಿಯ ಹಿರಿಯಾಕೆ ಅಡಿವೆವ್ವ ಎರಡು ತಿಂಗಳಿಗೊಮ್ಮೆ ಕಪಾಟಿನ ರೇಷ್ಮೆ ಸೀರೆಗಳನ್ನೆಲ್ಲ ಕೆಳಗಿಳಿಸಿ, ಹಳೆಯ ಮಡಿಕೆ ಬಿಡಿಸಿ, ಬೇರೆ ಕಡೆ ಮಡಿಕೆ ಬೀಳುವಂತೆ ಮಡಿಸಲು ಹೇಳುತ್ತಿದ್ದಳು. ಉಟ್ಟು ಹರಿಯುವ ಸೀರೆಗಿಂತ ಇಟ್ಟು ಹರಿಯುವ ಸೀರೆಯೇ ಹೆಚ್ಚು ಎಂಬುದು ಅವಳು ಕಲಿಸಿದ ಪಾಠ.

"ಆ ಗೋವಾದವನ ಟಾಯರ್ ನೋಡಿ ನನಗ ಅಡಿವೆವ್ವನ ಕಪಾಟು ನೆನಪಾತ್ರಿ," ಎನ್ನುತ್ತಾರೆ ರಾಜಮಾ. "ಇದೂ ಮಡಿಕಿ ಬಿದ್ದ ಸೀರೀನ. ಹರಿಯೂ ಮೊದಲ ಮಡಿಕಿ ಬದಲ ಮಾಡಬೇಕು, ಅಷ್ಟ. ಸೀರಿ ಅಳದ ಕೈ ನೋಡ್ರಿ, ಗಾಲಿ ಸುತ್ತ ಅಳದೆ. ನಾಕ ಮೊಳ ಬಂತು. ಕಾಲ ಸುತ್ತಿಗೆ ಒಂದ ಮೊಳ."

ಅಂದಿನಿಂದ ಪದ್ಧತಿ ಬೆಳೆಯುತ್ತ ಬಂದಿದೆ. ಕಾರು ಒಳಗೆ ಬಂದ ಕೂಡಲೇ ಡಿಕ್ಕಿಯ ಭಾರವೆಲ್ಲ ಹೊರಗೆ. ಗಾಲಿಗೆ ಓಡಾಟದ ಲೆಕ್ಕಕ್ಕಿಂತ ಮೂರು ನಾಲ್ಕು ಅಂಕಿ ಹೆಚ್ಚು ಗಾಳಿ. ಗಾಲಿಯ ಕೆಳಗೆ ನಾಲ್ಕು ಮಡಿಕೆಯ ಹಳೆಯ ಕೌದಿ. ಬರಿಯ ಫರಸಿ ಕಲ್ಲಿನ ಮೇಲೆ ನಿಂತರೆ ರಬ್ಬರಿಗೆ ಥಂಡಿ ಹತ್ತುತ್ತದೆ ಎಂಬುದು ರಾಜಮಾ ಅವರ ವಾದ. ವರ್ಷ ದಾಟಿ ಬರುವವರ ಕಾರಾದರೆ ಜಾಕಿನಿಂದ ಎತ್ತಿ ನಾಲ್ಕು ಕಡೆ ದಿಮ್ಮಿಯ ಮೇಲೆ ಕೂರಿಸುತ್ತಾರೆ, ಗಾಲಿಗಳು ನೆಲ ಬಿಟ್ಟು ತೂಗುತ್ತವೆ. ಇದಕ್ಕೆ ಅವರಿಟ್ಟ ಹೆಸರು 'ತೊಟ್ಟಿಲಿಗೆ ಹಾಕುವುದು'. ಹೀಗೆ ವರ್ಷ ದಾಟುವ ಮೂರು ಕಾರು ತೊಟ್ಟಿಲಲ್ಲಿವೆ, ಮೂರರ ಮಾಲೀಕರೂ ಸೌದಿಯಲ್ಲಿದ್ದಾರೆ.

ಉಳಿದ ಹದಿನೆಂಟಕ್ಕೆ ವಾರದ ಸರದಿ. ಗೋಡೆ ಪಕ್ಕದ ಸಾಲಿನಲ್ಲಿ ಸಣ್ಣ ಕಾರುಗಳು, ಸೋಮವಾರ ರಾಜಮಾ ಒಬ್ಬರೇ ಸರಿಸುತ್ತಾರೆ. ನಡುವಿನ ಸಾಲು ಮಂಗಳವಾರ, ಹುಸ್ನಾಳದು. ಬಾಗಿಲ ಬಳಿಯ ದೊಡ್ಡ ಕಾರುಗಳಿಗೆ ಶನಿವಾರ ಇಬ್ಬರೂ ಭುಜ ಕೊಡುತ್ತಾರೆ. ಸಾಲಿಗೆ ತಿಂಗಳಿಗೊಮ್ಮೆ ಗಾಳಿಯ ಪರೀಕ್ಷೆ. ಸ್ಟೆಪ್ನಿಗಳನ್ನೂ ಬಿಡುವುದಿಲ್ಲ. ಪಿಯುಸಿ ಓದಿರುವ ಹುಸ್ನಾ ಒಮ್ಮೆ ಫೋನಿನಲ್ಲಿ ಗುಣಿಸಿ ನೋಡಿದ್ದಾಳೆ. ಹನ್ನೊಂದು ವರ್ಷದಲ್ಲಿ ಅತ್ತೆ ಕಾರುಗಳನ್ನು ನೂಕಿದ ದೂರ ಎಲ್ಲ ಸೇರಿ ಸುಮಾರು ನಾಲ್ಕೂವರೆ ಕಿಲೋಮೀಟರು.

"ಬಸ್ಸಿನ್ಯಾಗ ಹತ್ತ ನಿಮಿಷದ ಹಾದಿ," ಎನ್ನುತ್ತಾರೆ ಅಲ್ಲಾಸಾಬರು.

"ನಿಮ್ಮ ಟೆಂಪೋ ಆಗಿದ್ರ ಅರ್ಧಾ ತಾಸ," ಎನ್ನುತ್ತಾರೆ ರಾಜಮಾ.

ನಗುನಗುತ್ತಲೇ ಗೋಡೆ ಸಾಲಿನ ಕೊನೆಗೆ ಬಂದು ರಾಜಮಾ ಒಂದು ಮುಸುಕನ್ನು ಎತ್ತುತ್ತಾರೆ. ಅಲ್ಲಿ ವಾರದ ಸರದಿಯ ಒಂದು ಸಣ್ಣ ಬಿಳಿ ಕಾರೂ ತೊಟ್ಟಿಲ ಮೇಲಿದೆ. ಮಾಲೀಕ ಸೌದಿಯಲ್ಲಿಲ್ಲ. ನಾಳೆ ಬೆಳಿಗ್ಗೆಯೇ ಬರುತ್ತಾನೆ.

ಅಬ್ಬಿಗೇರಿಯ ಪರಶಪ್ಪ, ಮಾನವ್ವ ಗಂಡ ಹೆಂಡತಿ. ಹನ್ನೆರಡು ವರ್ಷದಿಂದ ಮಂಗಳೂರಿನಲ್ಲಿ ಕಟ್ಟಡ ಕೆಲಸ. ಅವನು ಗೋಡೆ ಕಟ್ಟುತ್ತಾನೆ, ಅವಳು ತಲೆಯ ಮೇಲೆ ಕಲಸಿದ ಸಿಮೆಂಟು ಹೊರುತ್ತಾಳೆ. ಹೋದ ವರ್ಷ ಈ ಕಾರು ಕೊಂಡರು. ಮಗಳು ನೀಲಾಳನ್ನು ನರಗುಂದ ತಾಲೂಕಿನ ಶಿರೋಳಕ್ಕೆ ಕೊಟ್ಟಿದ್ದಾರೆ. ಒಮ್ಮೆ ಬಸಿರು ನಿಂತು ಕೈಬಿಟ್ಟಿತ್ತು. ಈಗ ಏಳು ತಿಂಗಳು. ಭಾನುವಾರ ಅವಳನ್ನು ಸೀಮಂತದ ಕುಬುಸಕ್ಕೆ ತವರಿಗೆ ಕರೆತರಬೇಕು. ನಿಧಾನವಾಗಿ ಕರೆದೊಯ್ಯಿರಿ, ಮೈ ಕುಕ್ಕಬಾರದು ಎಂದು ದವಾಖಾನೆಯಲ್ಲಿ ಹೇಳಿದ್ದಾರೆ. ಬಸ್ಸೂ ಬೇಡ, ಬಾಡಿಗೆ ಗಾಡಿಯೂ ಬೇಡ, ನಮ್ಮ ಸ್ವಂತ ಗಾಡಿಯಲ್ಲೇ ಬಂದು ಕರೆಯುತ್ತೇನೆ ಎಂದು ಮಾನವ್ವ ಮಗಳಿಗೆ ಮಾತು ಕೊಟ್ಟಿದ್ದಾಳೆ.

ಆ ಗಾಡಿಯ ಟಾಯರುಗಳೇ ಕೂತುಬಿಟ್ಟಿವೆ. ಅದೂ ರಾಜಮಾ ಅವರ ಗೋದಾಮಿನಲ್ಲಿ.

ಆದದ್ದು ಹೀಗೆ. ಈ ಕಡೆಯ ರೈತರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಯುಗಾದಿಗೆ ಕಾರು ಬಿಟ್ಟುಹೋಗುವಾಗ ಪರಶಪ್ಪ, "ನಮಗೀಗ ಎತ್ತ ಇಲ್ಲಕ್ಕಾ. ಇದ ನಮ್ಮ ಎತ್ತು. ಸೋಮವಾರ ಮಾತ್ರ ಇದನ್ನ ಮುಟ್ಟಬ್ಯಾಡ," ಎಂದಿದ್ದ. ರಾಜಮಾ ಒಪ್ಪಿ, ಕಾರಣವೇನೂ ಹೇಳದೆ, ಅದೊಂದನ್ನು ಹುಸ್ನಾಳ ಮಂಗಳವಾರಕ್ಕೆ ಸೇರಿಸಿದರು. ಎರಡು ತಿಂಗಳು ಎಲ್ಲ ಸರಿಯಾಗಿತ್ತು. ಮಳೆ ಬಿದ್ದ ಮೇಲೆ ಊರು ಗ್ರಾಮದೇವಿಗೆ ಐದು ಮಂಗಳವಾರ ಬಿಟ್ಟಿತು. ಆ ಐದು ದಿನ ಹೊಲದ ಕೆಲಸವಿಲ್ಲ, ಎತ್ತು ಕಟ್ಟಿ ಗಳೆ ಹೂಡುವಂತಿಲ್ಲ. ದೂರದ ಮಂಗಳೂರಿನಲ್ಲಿದ್ದರೂ ಮಾನವ್ವ ಅದನ್ನು ಮರೆಯಲಿಲ್ಲ. ಹುಸ್ನಾಗೆ ಫೋನು ಮಾಡಿ, "ಐದ ಮಂಗಳಾರ ನಮ್ಮ ಗಾಡಿ ಸರಸಬ್ಯಾಡವಾ, ಅಕ್ಕಾಗೂ ಹೇಳ್ತೀನಿ," ಎಂದಳು. ಅಕ್ಕನಿಗೆ ಹೇಳುವುದನ್ನು ಮರೆತಳು.

ಹುಸ್ನಾ ಮಂಗಳವಾರ ಬಿಟ್ಟಳು. ಗೋಡೆ ಸಾಲಿನ ಗಾಡಿ, ಅತ್ತೆ ಸೋಮವಾರ ಸರಿಸಿಕೊಳ್ಳುತ್ತಾರೆ ಎಂದುಕೊಂಡಳು. ರಾಜಮಾ ಎಂದಿನಂತೆ ಸೋಮವಾರ ಬಿಟ್ಟರು. ಐದು ವಾರ ಕಾರು ಮುಸುಕಿನೊಳಗೆ ಅಲುಗದೆ ನಿಂತಿತು. ಸಾಲದ್ದಕ್ಕೆ ಹಿಂದಿನ ಎಡಗಾಲಿಯಲ್ಲಿ ಎಲ್ಲೋ ಹೊಕ್ಕಿದ್ದ ಸಣ್ಣ ಮೊಳೆಯಿಂದ ಗಾಳಿ ಇಷ್ಟಿಷ್ಟೇ ಸೋರುತ್ತಿತ್ತು. ಹತ್ತು ದಿನದ ಹಿಂದೆ ಗಾಳಿ ನೋಡುವ ಸರದಿ ಬಂದು ಮುಸುಕು ಎತ್ತಿದರೆ, ನಾಲ್ಕೂ ಗಾಲಿಯಲ್ಲಿ ಕೆಳಗಿರುವುದು ಐದು ವಾರದ ಹಿಂದಿನ ಅದೇ ಎರಡನೆಯ ಗುರುತು. ಎಡಗಾಲಿ ಕೌದಿಯ ಮೇಲೆ ಹರಡಿಕೊಂಡು ಕೂತಿದೆ.

"ನನಗ ಮೈಯಾಗ ಬಿಸಿನೀರ ಹರದಂಗಾತ್ರಿ," ಎನ್ನುತ್ತಾರೆ ರಾಜಮಾ. "ಆಕಿ ಹನ್ನೆರಡ ವರ್ಷ ನೆತ್ತಿ ಮ್ಯಾಲ ಭಾರ ಹೊತ್ತ ತಗೊಂಡ ಗಾಡಿ. ಭಾರ ಹೊತ್ತರ ಏನಾಗತೈತಿ ಅಂತ ಆಕಿಗೇನ ನಾ ತಿಳಿಸಿ ಹೇಳಬೇಕಾಗಿಲ್ಲ. ಆದ್ರೂ ಹ್ಯಾಂಗ ಹೇಳೂದು?"

ಅಂದೇ ಪಂಕ್ಚರ್ ತೆಗೆಸಿ, ಗಾಳಿ ತುಂಬಿ, ಕಾರನ್ನು ತೊಟ್ಟಿಲಿಗೇರಿಸಿದ್ದಾರೆ. ಬಿಸಿಲು ಬಂದಾಗ ಬಾಗಿಲು ತೆರೆದು ಗಾಲಿಗಳಿಗೆ ಕಾವು ಹಿಡಿಸಿದ್ದಾರೆ. ದಿನಾ ಕೈಯಿಂದ ತಿರುಗಿಸಿ, ಚಪ್ಪಟೆ ಭಾಗದ ಮೇಲೆ ಅಂಗೈ ಆಡಿಸಿ ನೋಡಿದ್ದಾರೆ. ಸ್ವಲ್ಪ ಇಳಿದಿದೆ, ಪೂರ್ತಿ ಹೋಗಿಲ್ಲ. ಇನ್ನೇನಿದ್ದರೂ ರಸ್ತೆಯ ಮೇಲೆ ಓಡಿ ರಬ್ಬರು ಕಾಯಬೇಕು. ಮಡಿಕೆ ಬಿದ್ದ ಸೀರೆಗೆ ಇಸ್ತ್ರಿಯಿದ್ದಂತೆ ಗಾಲಿಗೆ ರಸ್ತೆ ಎನ್ನುತ್ತಾರೆ.

"ಹೇಳಬ್ಯಾಡ್ರಿ ಅಮ್ಮಿ," ಎಂಬುದು ಹುಸ್ನಾಳ ಸಲಹೆ. "ನಾಕ ದಿನಾ ಓಡಿಸಿದ್ರ ತಾನ ಸರಿಹೋಗತೈತಿ. ರಸ್ತಾ ಕೆಟ್ಟೈತಿ ಅಂತ ತಿಳಕೋತಾರ."

"ರಸ್ತಾಕ್ಕ ಬೈಸೋದು ಚಲೋ ಅಲ್ಲ," ಎನ್ನುತ್ತಾರೆ ಅಲ್ಲಾಸಾಬರು. "ಮತ್ತ ಡ್ರೈವರ್ ಆದಾಂವಗ ಕಿವಿಗಿಂತ ಮೊದಲ ಕುಂಡಿಗೆ ತಿಳೀತೈತಿ."

ಹೆಣ್ಣೊಬ್ಬಳು ಹನ್ನೊಂದು ವರ್ಷ ದಿನಾ ಒಂದೇ ಕೆಲಸವನ್ನು ಚೆನ್ನಾಗಿ ಮಾಡುತ್ತ ಬಂದರೆ, ಜನ ಅದನ್ನು ಕೆಲಸವೆಂದೇ ಕಾಣುವುದಿಲ್ಲ. ಒಮ್ಮೆ ತಪ್ಪಿದಾಗ ಮಾತ್ರ ಅಲ್ಲಿ ಒಂದು ಕೆಲಸ ಇತ್ತೆಂದು ಕಾಣುತ್ತದೆ. ರಾಜಮಾ ಬಿಳಿ ಕಾರಿನ ಎಡಗಾಲಿಯನ್ನು ಇನ್ನೊಂದು ಸುತ್ತು ತಿರುಗಿಸಿ ಮುಸುಕು ಎಳೆಯುತ್ತಾರೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಗಂಡ ಹೆಂಡತಿ ಬಸ್ ಸ್ಟ್ಯಾಂಡಿನಿಂದ ನಡೆದುಕೊಂಡೇ ಬರುತ್ತಾರೆ. ಪರಶಪ್ಪನ ಹೆಗಲಲ್ಲಿ ಬ್ಯಾಗು. ಮಾನವ್ವನ ಕಂಕುಳಲ್ಲಿ ಮಗಳಿಗೆಂದು ತಂದ ಹಸಿರು ಸೀರೆಯ ಗಂಟು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿದ್ದರೂ ಅವಳ ಮುಖದಲ್ಲಿ ದಣಿವಿಲ್ಲ.

"ಎಲ್ಲೈತಕ್ಕಾ ನಮ್ಮ ಬಸವಣ್ಣ?" ಎಂದು ಬಾಗಿಲಿನಿಂದಲೇ ಕೇಳುತ್ತಾಳೆ.

"ಐತಿ ತಂಗಿ. ಮೊದಲ ಚಾ ಕುಡೀರಿ."

ಚಹಾ ಅರ್ಧ ಆಗುವವರೆಗೂ ರಾಜಮಾ ತಡೆಯಲಾರದೆ ಹೋಗುತ್ತಾರೆ. "ಪರಶಣ್ಣ, ನನ್ನ ಕಡೆಯಿಂದ ತಪ್ಪಾಗೈತಿ. ನಿಮ್ಮ ಗಾಡಿ ಟಾಯರ್ ಕೂತಾವ," ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಹುಸ್ನಾ ಗೋಡೆ ನೋಡುತ್ತಾಳೆ. ಸೋಮವಾರದ ಕಥೆ, ಮಂಗಳವಾರದ ಕಥೆ, ಮೊಳೆಯ ಕಥೆ ಎಲ್ಲ ಹೊರಬರುತ್ತವೆ.

ಪರಶಪ್ಪ ಕಪ್ಪು ಕೆಳಗಿಟ್ಟು ಹೆಂಡತಿಯ ಕಡೆ ತಿರುಗುತ್ತಾನೆ. "ನೀ ಮಂಗಳಾರ ಬ್ಯಾಡಂತ ಯಾವಾಗ ಹೇಳಿದ್ದಿ?"

"ನೀ ಸೋಮಾರ ಬ್ಯಾಡಂತ ಯಾವಾಗ ಹೇಳಿದ್ದಿ?"

"ಒಂದ ಖೋಲಿಯಾಗ ಇರತೀವಿ. ನನಗೊಂದ ಮಾತ ಹೇಳಾಕ ಬರಂಗಿಲ್ಲೇನ ನಿನಗ?"

"ನೀ ಮನಿಯಾಗ ಬಾಯಿ ಬಿಡೂದು ಉಣ್ಣಾಕ ಅಷ್ಟ. ಹೇಳೂದು ಯಾವಾಗ?"

"ಇಬ್ರೂ ಕೂಡಿ ಗಾಡಿಗೆ ಏಳೂ ದಿನಾ ಸೂಟಿ ಕೊಟ್ಟೀರಿ," ಎಂದು ಅಲ್ಲಾಸಾಬರು ಮಂಚದಿಂದ ತೀರ್ಪು ಕೊಡುತ್ತಾರೆ. ಪರಶಪ್ಪನಿಗೆ ನಗು ಬರುತ್ತದೆ. ಮಾನವ್ವನಿಗೆ ಬರುವುದಿಲ್ಲ. ಅವಳು ಸೀರೆಯ ಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಮೆಲ್ಲಗೆ ಕೇಳುತ್ತಾಳೆ: "ಅಕ್ಕಾ, ನೀಲಾನ್ನ ಇದ್ರಾಗ ಕರಕೊಂಡ ಬರಾಕ ಆಗತೈತೋ ಇಲ್ಲೋ? ಅಷ್ಟ ಹೇಳ. ಆಗದಿದ್ರ ಬಾಡಿಗಿ ಗಾಡಿ ನೋಡತೀವಿ."

"ನನಗ ಎರಡ ತಾಸ ಕೊಡ. ನೀಲಾ ಕೂಡ್ರೂ ಜಾಗಾದಾಗ ಮೊದಲ ನಾ ಕೂತ ಬರತೀನಿ. ಕುಕ್ಕಿದ್ರ ನಾನ ಬಾಡಿಗಿ ಗಾಡಿ ಕರಸ್ತೀನಿ."

ಏಳೂವರೆಗೆ ಬಿಳಿ ಕಾರು ತೊಟ್ಟಿಲಿಂದ ಇಳಿದು ರೋಣದ ದಾರಿ ಹಿಡಿಯುತ್ತದೆ. ಪರಶಪ್ಪ ಸ್ಟೇರಿಂಗಿನಲ್ಲಿ. ಪಕ್ಕದಲ್ಲಿ ಅಲ್ಲಾಸಾಬರು, ಕಣ್ಣು ಮುಚ್ಚಿಕೊಂಡು. ಕಣ್ಣು ಕಾಣದಿದ್ದರೇನು, ಕಿವಿ ಇದೆಯಲ್ಲ ಎಂದು ಹಟ ಮಾಡಿ ಕೂತಿದ್ದಾರೆ. ಹಿಂದೆ ಎಡಗಡೆ, ಸರಿಯಾಗಿ ಆ ಕೆಟ್ಟ ಗಾಲಿಯ ಮೇಲೆ ರಾಜಮಾ. ಅವರ ಮಡಿಲಲ್ಲಿ ಕಂಠದವರೆಗೆ ನೀರು ತುಂಬಿದ ಹಿತ್ತಾಳೆಯ ತಂಬಿಗೆ. ಮೈಗೆ ತಿಳಿಯದ್ದು ನೀರಿಗೆ ತಿಳಿಯುತ್ತದೆ ಎಂದು ಮನೆಯಿಂದ ತಂದಿದ್ದಾರೆ. ಬಲಗಡೆ ನಾನು. ನಡುವೆ ಮಾನವ್ವ, ಅವಳ ಕಣ್ಣು ರಸ್ತೆಯ ಮೇಲಿಲ್ಲ, ತಂಬಿಗೆಯ ಮೇಲಿದೆ.

ಮೊದಲ ಕಿಲೋಮೀಟರಿನಲ್ಲಿ ಧಡ್ ಧಡ್ ಧಡ್. ತಂಬಿಗೆಯ ನೀರು ತುಳುಕಿ ರಾಜಮಾ ಅವರ ಸೀರೆ ತೋಯುತ್ತದೆ. "ಲಗೂ ಬ್ಯಾಡ. ನಲವತ್ತರಾಗ ಹೋಗ, ಕಾಯಲಿ," ಎನ್ನುತ್ತಾರೆ ಅಲ್ಲಾಸಾಬರು. ಎರಡೂ ಬದಿ ಎರೆಹೊಲದಲ್ಲಿ ಹೆಸರು ಹೂ ಬಿಟ್ಟಿದೆ. ಐದು ಕಿಲೋಮೀಟರು ದಾಟಿದ ಮೇಲೆ ಸದ್ದು ಕೊಂಚ ಮೆತ್ತಗಾಗುತ್ತದೆ. ಹತ್ತನೆಯ ಕಿಲೋಮೀಟರಿನ ಹೊತ್ತಿಗೆ ಅಲ್ಲಾಸಾಬರು ಒಂದು ಬೆರಳು ಮಡಿಸುತ್ತಾರೆ. "ಮುಂದಿನ ಬಲಗಡೆದು ಬಿಡ್ತು." ಸ್ವಲ್ಪ ಹೊತ್ತಿಗೆ ಇನ್ನೊಂದು ಬೆರಳು, ಆಮೇಲೆ ಮತ್ತೊಂದು. ಹದಿನೈದನೆಯ ಕಿಲೋಮೀಟರಿಗೆ ಒಂದೇ ಗಾಲಿಯ ಸದ್ದು ಉಳಿಯುತ್ತದೆ. ಹಿಂದಿನ ಎಡಗಾಲಿ, ಮೊಳೆ ಹೊಕ್ಕದ್ದು. ತಂಬಿಗೆಯ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಏಳುತ್ತಲೇ ಇವೆ.

"ನಿಲ್ಲಸ್ರಿ," ಎನ್ನುತ್ತಾರೆ ರಾಜಮಾ.

ಕೆಳಗಿಳಿದು ಗಾಲಿಯ ಮೈಗೆ ಅಂಗೈ ಒತ್ತುತ್ತಾರೆ. ಬೆಚ್ಚಗಿದೆ. ಕಾದರೂ ಏಳಲಿಲ್ಲವೆಂದರೆ ಇನ್ನು ಏಳುವುದಿಲ್ಲ. "ಇದು ಹರದ ಸೀರಿ ತಂಗಿ. ಇಸ್ತ್ರಿಗೆ ಬಗ್ಗಂಗಿಲ್ಲ," ಎಂದು ಮಾನವ್ವನಿಗೆ ಹೇಳುವಾಗ ಅವರ ದನಿ ಕುಗ್ಗಿದೆ. ಮಾನವ್ವ ಹೆಸರು ಹೊಲದ ಕಡೆ ಮುಖ ತಿರುಗಿಸುತ್ತಾಳೆ.

ಆದರೆ ರಾಜಮಾ ಆಗಲೇ ಡಿಕ್ಕಿ ತೆರೆದಿದ್ದಾರೆ. ಅಲ್ಲಿ ಸ್ಟೆಪ್ನಿ ಇದೆ. ಭಾರ ಬೀಳದೆ, ತಿಂಗಳು ತಿಂಗಳು ಗಾಳಿ ನೋಡಿಸಿಕೊಂಡು ತಣ್ಣಗೆ ಮಲಗಿದ್ದ ಐದನೆಯ ಗಾಲಿ. ಪರಶಪ್ಪ ಬರುವ ಮೊದಲೇ ಸೆರಗು ಬಿಗಿದು ಜಾಕಿ ಹಚ್ಚುತ್ತಾರೆ. ನಟ್ಟುಗಳಿಗೆ ಪಾನಾ ಸಿಕ್ಕಿಸಿ, ಅದರ ಮೇಲೆ ಕಾಲಿಟ್ಟು ಮೈಭಾರ ಹಾಕಿ ಬಿಚ್ಚುತ್ತಾರೆ. ಆ ಕಡೆಯಿಂದ ಬಂದ ಬಸ್ಸು ನಿಧಾನವಾಗುತ್ತದೆ. ಕಿಟಕಿಯಿಂದ ಒಬ್ಬ ತಲೆ ಹೊರಹಾಕಿ, "ಇಬ್ರ ಗಂಡಸರ ನಿಂತ ನೋಡಾಕತ್ತೀರಿ, ಹೆಣಮಗಳ ಕಡಿಂದ ಗಾಲಿ ಬಿಚ್ಚಸ್ತೀರಲ್ರೋ," ಎನ್ನುತ್ತಾನೆ.

"ನಮಗ ಬರಂಗಿಲ್ಲೋ ಮಾರಾಯಾ," ಎನ್ನುತ್ತಾರೆ ಅಲ್ಲಾಸಾಬರು ಗಂಭೀರವಾಗಿ.

ಹತ್ತು ನಿಮಿಷದಲ್ಲಿ ಗಾಲಿ ಬದಲಾಗುತ್ತದೆ. ಮಾನವ್ವ ತಂಬಿಗೆಗೆ ಬಾಟಲಿಯ ನೀರು ಹೊಯ್ದು ಮತ್ತೆ ಕಂಠದವರೆಗೆ ತುಂಬಿಸುತ್ತಾಳೆ. ಈ ಸಲ ಅದನ್ನು ತಾನೇ ಮಡಿಲಲ್ಲಿ ಇಟ್ಟುಕೊಂಡು, ರಾಜಮಾ ಕೂತಿದ್ದ ಜಾಗದಲ್ಲಿ ಕೂರುತ್ತಾಳೆ. ಕಾರು ಗಜೇಂದ್ರಗಡದ ಕಡೆ ತಿರುಗುತ್ತದೆ. ಒಂದು ಕಿಲೋಮೀಟರು. ಎರಡು. ಐದು. ರಸ್ತೆಯ ಗುಂಡಿಗಳಲ್ಲಿ ನೀರು ಅಲುಗುತ್ತದೆ, ಗುಂಡಿ ದಾಟಿದೊಡನೆ ಸುಮ್ಮನಾಗುತ್ತದೆ. ಅಲ್ಲಾಸಾಬರು ನಾಲ್ಕನೆಯ ಬೆರಳು ಮಡಿಸುತ್ತಾರೆ. ಗುಡ್ಡದ ಗಾಳಿಯಂತ್ರಗಳು ಕಾಣಿಸಿಕೊಳ್ಳುವ ಹೊತ್ತಿಗೆ ತಂಬಿಗೆಯ ನೀರಿನಲ್ಲಿ ಕಿಟಕಿಯ ಆಕಾಶ ಒಡೆಯದೆ ನಿಂತಿದೆ. ಮಾನವ್ವ ಆ ನೀರನ್ನು ನೋಡುತ್ತಲೇ ಇದ್ದವಳು, ತಂಬಿಗೆ ಎತ್ತಿ ಗಟಗಟನೆ ಅರ್ಧ ಕುಡಿದು, ಉಳಿದದ್ದನ್ನು ರಾಜಮಾ ಅವರ ಕೈಗೆ ಕೊಡುತ್ತಾಳೆ.

ಗೋದಾಮಿನ ಮುಂದೆ ಒಂದು ನಿಮಿಷ ನಿಂತು ಗಂಡ ಹೆಂಡತಿ ಶಿರೋಳಕ್ಕೆ ಹೊರಡುತ್ತಾರೆ. ಕೆಟ್ಟ ಗಾಲಿಯ ಬದಲು ತಮ್ಮ ಬಳಿಯಿದ್ದ ಬೇರೊಂದು ಗಾಲಿಯನ್ನು ರಾಜಮಾ ಹಟ ಮಾಡಿ ಡಿಕ್ಕಿಗೆ ಹಾಕಿಸಿದ್ದಾರೆ. ಹೊರಡುವ ಮುನ್ನ ಮಾನವ್ವ ಕಿಟಕಿಯಿಂದ ಕೇಳುತ್ತಾಳೆ: "ಕುಬಸಾ ಮುಗದ ಮ್ಯಾಲ ಮತ್ತ ಗಾಡಿ ನಿನ್ನ ಕಡೆನ ಬಿಡತೀವಕ್ಕಾ. ಯಾ ದಿನಾ ಸರಸ್ತಿ?"

"ನೀವಿಬ್ರೂ ಕೂಡಿ ಒಂದ ದಿನಾ ಹೇಳ್ರಿ."

ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. "ಬುಧವಾರ," ಎನ್ನುತ್ತಾನೆ ಪರಶಪ್ಪ. ಮಾನವ್ವ ಒಂದು ಕ್ಷಣ ಯೋಚಿಸಿ, ಆಗಲಿ ಎನ್ನುತ್ತಾಳೆ. ರಾಜಮಾ ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದು, ಗೋಡೆ ಸಾಲಿನ ಕೊನೆಯ ಖಾಲಿ ಜಾಗದ ಹಿಂದಿನ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ದೊಡ್ಡದಾಗಿ 'ಬುಧವಾರ' ಎಂದು ಬರೆಯುತ್ತಾರೆ. ಇನ್ನು ಮುಂದೆ ಪ್ರತಿ ಕಾರಿನ ದಿನವೂ ಹೀಗೆ ಗೋಡೆಯ ಮೇಲೇ ಇರಬೇಕೆಂದು ಹುಸ್ನಾ ಇನ್ನೊಂದು ಸೀಮೆಸುಣ್ಣ ತಂದು ಪಕ್ಕದ ಜಾಗಕ್ಕೂ ಬರೆಯತೊಡಗುತ್ತಾಳೆ.

"ಹನ್ನೊಂದ ವರ್ಷದಾಗ ನಾಕೂವರಿ ಕಿಲೋಮೀಟರ್ ನೂಕಿದಾಕಿ, ಇವತ್ತ ಒಂದ ಮುಂಜಾನಿ ಮೂವತ್ತ ಕಿಲೋಮೀಟರ್ ಕೂತ ಬಂದೆ," ಎಂದು ರಾಜಮಾ ತೋಯ್ದ ಸೆರಗು ಹಿಂಡುತ್ತಾರೆ. ಸ್ಟೇರಿಂಗು ಹಿಡಿಯುವ ಆಸೆ ಇಲ್ಲವೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. "ಇವರ ಕಡಿಂದ ಕಲಿಯೂದಾದ್ರ ಬ್ಯಾಡ. ದಿನಾ ಜಗಳ." ಸೆರಗು ಕೊಡವಿ ಮತ್ತೆ ಹೇಳುತ್ತಾರೆ: "ಹುಸ್ನಾ ಕಲೀಲಿ. ಆಕಿ ಓಡಸಲಿ, ನಾ ಹಿಂದ ಕೂತ ಆಕಿ ತವರ ನೋಡಕೊಂಡ ಬರತೀನಿ. ಅಷ್ಟ ಒಂದ ಐತ್ರಿ ಮನಸಿನ್ಯಾಗ."

"ಇವತ್ತ ಹೇಳೀರಿ. ಗ್ವಾಡಿ ಮ್ಯಾಲ ಬರದ ಇಡತೀನಿ," ಎನ್ನುತ್ತಾಳೆ ಹುಸ್ನಾ.

ಮಧ್ಯಾಹ್ನ ಮೂರಕ್ಕೆ ಫೋನು ಬರುತ್ತದೆ. ಹುಸ್ನಾ ಅದನ್ನು ಜೋರಾಗಿ ಕೇಳುವಂತೆ ಮಾಡಿ ಅತ್ತೆಯ ಮುಂದೆ ಹಿಡಿಯುತ್ತಾಳೆ. ಕಾರಿನೊಳಗಿಂದ ಮಾನವ್ವನ ದನಿ ಪಿಸುಗುಟ್ಟುವಷ್ಟು ಮೆಲ್ಲಗಿದೆ. ರಾಜಮಾ ಗಾಬರಿಯಾಗುತ್ತಾರೆ. "ಯಾಕ ತಂಗಿ, ಏನಾತು? ಜೋರ ಹೇಳ."

"ಜೋರ ಹೇಳಾಕ ಬರಂಗಿಲ್ಲಕ್ಕಾ. ನರಗುಂದ ದಾಟಿದ್ದ ತಡಾ, ನೀಲಾ ನನ್ನ ತೊಡಿ ಮ್ಯಾಲ ತಲಿ ಇಟ್ಟ ಮಲಗ್ಯಾಳ. ಇನ್ನೂ ಎದ್ದಿಲ್ಲ."

ರಾಜಮಾ ಫೋನು ಹುಸ್ನಾಗೆ ಕೊಟ್ಟು, ಖಾಲಿ ಜಾಗದಲ್ಲಿ ಉಳಿದಿದ್ದ ನಾಲ್ಕು ಕೌದಿಗಳನ್ನು ಎತ್ತಿ ಒಂದೊಂದಾಗಿ ಕೊಡವುತ್ತಾರೆ. ಹಳೆಯ ಮಡಿಕೆ ಬಿಡಿಸಿ, ಬೇರೆ ಕಡೆ ಮಡಿಕೆ ಬೀಳುವಂತೆ ಮಡಿಸಿಡುತ್ತಾರೆ.

"ಮಲಗ್ಯಾಳಂತ," ಎನ್ನುತ್ತಾರೆ ಮಂಚದ ಕಡೆ ನೋಡಿ. "ಗಾಡಿ ಓಡೂದ ಗೊತ್ತಾಗಿಲ್ಲ ನೋಡ್ರಿ ಆಕಿಗೆ."